ಗೆರೆ ಎಳೆದ ಮೌತ್‌ಪೀಸ್

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಒಂದೆರಡು ಕಡೆ ನಾನು ಧೈರ್ಯ ಮಾಡಿದ ಹಾಗೆ ಕಂಡೀತು. ಗ್ಯಾಸ್ ಆಫ್ ಮಾಡಿದ್ದೇನಾ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಹೋಗಿ ನೋಡುವವಳು ನಾನು. ಇಲಿ ಹೋದರೆ ಹುಲಿ ಹೋಯಿತು ಅನ್ನುವವಳು ಎಂದು ನನ್ನ ಗಂಡ ನೆಂಟರೆದುರು ತಮಾಷೆ ಮಾಡುತ್ತಾರೆ. ಮಾಡಲಿ.

ಕೊಡಿಯಾಲ್‌ಬೈಲಿನ ಒಂದು ಹಳೆ ಕಟ್ಟಡದ ಮಾಳಿಗೆಯಲ್ಲಿ ನನ್ನ ಡೆಂಟಲ್ ಲ್ಯಾಬ್ ಉಂಟು. ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ ಹಲ್ಲಿನ ಸೆಟ್ಟು, ಕ್ಯಾಪು ಮಾಡಿಕೊಡುವುದು ಹೊಟ್ಟೆಪಾಡು. ಟ್ರಂಪೆಟ್ಟಿನ ಮೌತ್‌ಪೀಸ್ ನೋಡುವುದು ಅಪ್ಪನಿಂದ ಹತ್ತಿದ ಹುಚ್ಚು. ಅವರು ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿನಲ್ಲಿ ಊದುತ್ತಿದ್ದರು. ಮೌತ್‌ಪೀಸ್ ಅಂದರೆ ತುಟಿಗೆ ಒತ್ತಿ ಹಿಡಿಯುವ, ಬೆರಳುದ್ದದ ಹಿತ್ತಾಳೆ ತುಂಡು, ಮೇಲೆ ಬೆಳ್ಳಿ ಲೇಪ. ಮುಂದೆ ಒಂದು ಸಣ್ಣ ಬಟ್ಟಲು, ಬಟ್ಟಲಿನ ತಳದಲ್ಲಿ ಗಂಟಲು ಎನ್ನುವ ತೂತು, ಹಿಂದೆ ಟ್ರಂಪೆಟ್ಟಿಗೆ ಸಿಕ್ಕಿಸುವ ಬಾಲ. ಅಷ್ಟೇ. ಆದರೆ ಫ್ರಾನ್ಸಿನಲ್ಲಿ, ಅಮೆರಿಕದಲ್ಲಿ ಎಂದೋ ಮುಚ್ಚಿಹೋದ ಕೆಲವು ಕಾರ್ಖಾನೆಗಳ ಹಳೆ ಪೀಸುಗಳಿಗೆ ಊದುವವರು ಈಗಲೂ ಜೀವ ಬಿಡುತ್ತಾರೆ. ಹಾಗಾಗಿ ಡ್ಯೂಪ್ಲಿಕೇಟುಗಳೂ ಬೇಕಾದಷ್ಟು. ಅಸಲಿ ಯಾವುದು, ನಕಲಿ ಯಾವುದು ಎಂದು ಕೇಳಿಕೊಂಡು ಗೋವಾದಿಂದ ಕೇರಳದವರೆಗಿನ ಬ್ಯಾಂಡಿನವರು ನನ್ನ ಹತ್ತಿರ ಬರುತ್ತಾರೆ. ಹಲ್ಲಿನ ಅಚ್ಚು ತೆಗೆಯುವ ಸಿಲಿಕೋನನ್ನು ಬಟ್ಟಲಿಗೆ ತುಂಬಿ ಒಳಗಿನ ಆಕಾರ ಹೊರತೆಗೆಯುವ ಉಪಾಯ ನನ್ನದು, ಅದರಿಂದ ಸ್ವಲ್ಪ ಹೆಸರಾಯಿತು.

ಆ ಸೋಮವಾರ ನದಿಯಾಚೆಯ ಬೆಂಗ್ರೆಯಿಂದ ಒಬ್ಬರು ಬಂದರು. ಮೀನಿನ ಬೋಟಿಗೆ ಹೋಗುವವರು, ಮದುವೆ ಸೀಸನ್ನಿನಲ್ಲಿ ಬ್ಯಾಂಡಿನಲ್ಲಿ ಟ್ರಂಪೆಟ್. ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಕರವಸ್ತ್ರ ಬಿಚ್ಚಿ ಒಂದು ಪೀಸನ್ನು ಮೇಜಿನ ಮೇಲಿಟ್ಟರು.

"ಅಪ್ಪನದ್ದು ಮೇಡಂ. ಬಂದರಿಗೆ ಬಂದ ಹಡಗಿನವನೊಬ್ಬ ಕೊಟ್ಟದ್ದಂತೆ. ಗೋವಾದಲ್ಲಿ ಒಬ್ಬರಿಗೆ ಬೇಕಂತೆ. ಅಸಲಿ ಅಂತ ನಿಮ್ಮ ಬಾಯಲ್ಲಿ ಬಂದರೆ ಸಾಕು, ತಗೊಳ್ತಾರಂತೆ."

"ಅಪ್ಪನದ್ದನ್ನು ಯಾಕೆ ಕೊಡುವುದು ಮಾರಾಯ್ರೆ?"

"ಮಗಳಿಗೊಂದು ಹೊಸ ಟ್ರಂಪೆಟ್ ತೆಗೆಯುವ ಅಂತ. ಮೂರನೇ ಕ್ಲಾಸು. ಈಗಲೇ ಇದರಲ್ಲೇ ಎಂತ ಊದ್ತಾಳೆ ಗೊತ್ತುಂಟಾ!" ಎಂದು ನಕ್ಕರು.

ನಕ್ಕಾಗ ಒಸಡು ಕಂಡಿತು. ಎದುರಿಗೆ ಬಂದವರ ಹಲ್ಲು ನೋಡುವುದು ನನ್ನ ಕೆಟ್ಟ ಅಭ್ಯಾಸ, ಮದುವೆಮನೆಯಲ್ಲೂ ಬಿಡುವುದಿಲ್ಲ. ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೇ, ಪೆನ್ಸಿಲಿನಲ್ಲಿ ಎಳೆದ ಹಾಗೆ ನೀಲಿ ಕಪ್ಪಿನ ಒಂದು ಸಣ್ಣ ಗೆರೆ. ಬೀಡಿಯೋ ಎಲೆಯಡಿಕೆಯೋ ಇರಬೇಕು ಎಂದುಕೊಂಡೆ. ಅವರು ಮಾತು ಮುಂದುವರಿಸಿದರು. ಈಚೆಗೆ ಮೇಲಿನ ಸ್ವರಕ್ಕೆ ಹೋದರೆ ಹೊಟ್ಟೆ ಹಿಂಡಿದ ಹಾಗಾಗುತ್ತದಂತೆ, ಕೈಯಲ್ಲಿ ಮೊದಲಿನ ಬಲ ಇಲ್ಲವಂತೆ. ವಯಸ್ಸಾಯ್ತು ಬಿಡಿ ಎಂದು ತಾವೇ ಸಮಾಧಾನ ಹೇಳಿಕೊಂಡರು. ವಯಸ್ಸು ನಲವತ್ತೂ ದಾಟಿರಲಿಕ್ಕಿಲ್ಲ.

ಪೀಸನ್ನು ಬಿಟ್ಟು ಹೋದರು. ನಾನು ಕೆಲಸ ಶುರುಮಾಡಿದೆ.

ಮೊದಲು ಭೂತಗನ್ನಡಿಯಲ್ಲಿ ಅಕ್ಷರ. ಹಳೆ ಪೀಸುಗಳ ಹೆಸರನ್ನು ಉಳಿಯಂಥ ಅಚ್ಚಿನಿಂದ ಕೈಯಲ್ಲೇ ಬಡಿದು ಮೂಡಿಸುತ್ತಿದ್ದರು. ಒಂದಕ್ಷರ ಆಳ, ಒಂದು ಮೇಲೆ, ಸಾಲು ಸ್ವಲ್ಪ ಸೊಟ್ಟ. ನಕಲಿಯಲ್ಲಿ ಎಲ್ಲ ಒಂದೇ ಸಮ, ನೀಟಾಗಿರುತ್ತದೆ. ಇದರಲ್ಲಿ ಮೂರನೇ ಅಕ್ಷರ ಕುಂಟುತ್ತಿತ್ತು. ಬೂದಿ, ಹುಣಸೆ ಹುಳಿ ಹಾಕಿ ತಿಕ್ಕಿ ತಿಕ್ಕಿ ಅಂಚುಗಳು ಸವೆದಿದ್ದವು. ನಮ್ಮ ಊರಲ್ಲಿ ಹಿತ್ತಾಳೆ ಅಂದರೆ ದೀಪವೂ ಒಂದೇ, ಟ್ರಂಪೆಟ್ಟೂ ಒಂದೇ, ಹಬ್ಬಕ್ಕೆ ಮೊದಲು ಹುಣಸೆ ಹುಳಿಯಲ್ಲಿ ಸ್ನಾನ. ಹೊರಗಿನ ಮೈಕಟ್ಟು, ಕುತ್ತಿಗೆಯ ಸಣ್ಣ ಬಳೆ, ಬಾಲದ ಉದ್ದ, ಒಂದರಲ್ಲೂ ತಪ್ಪಿರಲಿಲ್ಲ. ನನ್ನ ಅಪ್ಪ ಈ ಕಾರ್ಖಾನೆಯ ಪೀಸನ್ನು ಜೀವನದಲ್ಲಿ ಒಮ್ಮೆ ನೋಡಿದ್ದರಂತೆ, ಮುಟ್ಟಲಿಕ್ಕೆ ಬಿಟ್ಟಿರಲಿಲ್ಲವಂತೆ.

ಆಮೇಲೆ ಒಂದೊಂದಾಗಿ ಕೈಕೊಟ್ಟಿತು. ಡ್ರಿಲ್ ಬಿಟ್ಟಿನ ನುಣುಪಾದ ಹಿಂಬದಿಯನ್ನು ಗಂಟಲಿಗೆ ಇಳಿಸಿ ಅಳೆಯುವುದು ನನ್ನ ಕ್ರಮ. ಹೋಗಬೇಕಾದ್ದು ಹೋಗಲಿಲ್ಲ, ಅದಕ್ಕಿಂತ ಸಣ್ಣದೂ ಹೋಗಲಿಲ್ಲ. ಹಳೆ ಪೀಸಿನ ಗಂಟಲನ್ನು ಜನ ಕೊರೆದು ದೊಡ್ಡದು ಮಾಡಿಕೊಳ್ಳುವುದುಂಟು, ಸಣ್ಣದು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಲ್ಯಾಬಿನ ತಕ್ಕಡಿಗೆ ಹಾಕಿದೆ, ಭಾರ ಜಾಸ್ತಿ. ನೂಲು ಕಟ್ಟಿ ತೂಗಿಸಿ ಚಮಚದಿಂದ ಬಡಿದರೆ ಒಳ್ಳೆ ಹಿತ್ತಾಳೆ ಗಂಟೆಯ ಹಾಗೆ ಎಳೆದು ಮಾತಾಡುತ್ತದೆ. ಇದು ದಬ್ ಎಂದು ಬಾಯಿ ಮುಚ್ಚಿತು.

ಹೊರಗೆ ಅಸಲಿ, ಒಳಗೆ ನಕಲಿ. ಇದೆಂಥದು ಸಾವು! ಎಂದು ಗೊಣಗುತ್ತಾ ಬಟ್ಟಲಿಗೆ ಸಿಲಿಕೋನ್ ತುಂಬಿಸಿದೆ. ಗಟ್ಟಿಯಾದ ಮೇಲೆ ಎಳೆದರೆ ಗಂಟಲಲ್ಲಿ ಸಿಕ್ಕಿ ಹರಿಯಿತು. ಇನ್ನೊಮ್ಮೆ ತುಂಬಿಸಿ ಹಿಂದಿನಿಂದ ನಿಧಾನ ದೂಡಿ ತೆಗೆದೆ. ಬಿಳಿ ಸಿಲಿಕೋನಿನ ಮೇಲೆ ಬೂದು ಬಣ್ಣದ ಮಸಿ ಅಂಟಿಕೊಂಡಿತ್ತು. ಬೆಳ್ಳಿ ಹಾಗೆ ಮಸಿ ಬಿಡುವುದಿಲ್ಲ. ಹಲ್ಲು ಕೆರೆಯುವ ಸಲಾಕೆಯಿಂದ ಬಟ್ಟಲಿನ ಒಳಗೆ ಮೆಲ್ಲ ಒತ್ತಿದೆ. ಮೇಣಕ್ಕೆ ಇಳಿದ ಹಾಗೆ ಇಳಿಯಿತು.

ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಬಟ್ಟಲಿನ ಅಂಚನ್ನು ಮೇಜಿನ ಮೇಲಿದ್ದ ಬಿಳಿ ಕಾಗದಕ್ಕೆ ಒತ್ತಿ ಎಳೆದೆ. ಗೆರೆ ಬಿತ್ತು. ಪೆನ್ಸಿಲಿನ ಗೆರೆಯಷ್ಟೇ ಸ್ಪಷ್ಟ.

ಕಾಗದದ ಮೇಲೆ ಹಾಗೆ ಬರೆಯುವ ಲೋಹ ನನಗೆ ಗೊತ್ತಿದ್ದದ್ದು ಒಂದೇ, ಸೀಸ. ಆ ಗೆರೆಯನ್ನು ನೋಡುತ್ತಿದ್ದ ಹಾಗೆ ಇನ್ನೊಂದು ಗೆರೆ ಕಣ್ಣಮುಂದೆ ಬಂತು, ಆ ಮನುಷ್ಯನ ಒಸಡಿನದ್ದು. ಡಿಪ್ಲೊಮಾ ಓದುವಾಗ ಪುಸ್ತಕದಲ್ಲಿ ಒಂದು ಚಿತ್ರವಿತ್ತು, ಮೈಗೆ ಸೀಸ ಏರಿದವರ ಒಸಡಿನ ನೀಲಿ ಗೆರೆ. ಪರೀಕ್ಷೆಗೆ ಬರುವುದಿಲ್ಲ ಎಂದು ಪುಟ ತಿರುವಿದ್ದೆವು. ಹೊಟ್ಟೆ ಹಿಂಡುವುದು, ಕೈ ಸೋಲುವುದು, ಎಲ್ಲ ಆ ಪುಟದಲ್ಲೇ ಇತ್ತು.

"ಸಾಯ್ಬಾ ಭೊಗೊಸ್" ಎಂದು ಬಾಯಿಂದ ಬಂತು. ದೇವರೇ ಕ್ಷಮಿಸು ಎನ್ನಲು ನಾವು ಕೊಂಕಣಿಯವರು ಹೇಳುವ ಮಾತು. ಯಾಕೆಂದರೆ ಅಷ್ಟರಲ್ಲಿ ಮೂರನೇ ಕ್ಲಾಸಿನ ಮಗಳ ನೆನಪಾಗಿತ್ತು. ದೊಡ್ಡವರ ಮೈಗೆ ಏರಿದರೆ ಒಂದು ಲೆಕ್ಕ. ಬೆಳೆಯುವ ಮಕ್ಕಳಿಗೆ ಅದು ತಲೆಗೇ ಹೋಗುತ್ತದೆ, ಹೋದದ್ದು ಪೂರ್ತಿ ವಾಪಸು ಬರುವುದಿಲ್ಲ. ಕೈಯನ್ನು ಸೋಪಿನಲ್ಲಿ ತೊಳೆದೆ, ಸಾಲದೆಂದು ಇನ್ನೊಮ್ಮೆ ತೊಳೆದೆ.

ಫೋನ್ ಮಾಡಿದೆ. ಬೋಟಿನಲ್ಲಿದ್ದರೋ ಏನೋ, ಸಿಗಲಿಲ್ಲ. ಪೀಸು ನನ್ನ ಹತ್ತಿರವೇ ಉಂಟಲ್ಲ, ಸದ್ಯಕ್ಕೆ ಮಗು ಊದುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೂ ಎರಡು ದಿನ ಊಟ ರುಚಿಸಲಿಲ್ಲ. ಯಾವ ಸೆಟ್ಟಿನ ಅಳತೆಯೂ ಸರಿಯಾಗಲಿಲ್ಲ. ನಾನು ತಪ್ಪಿದ್ದರೆ? ಒಬ್ಬರ ಮನೆಯಲ್ಲಿ ಸುಮ್ಮನೆ ಬೆಂಕಿ ಹಚ್ಚಿದ ಹಾಗಾಗುತ್ತದೆ. ತಪ್ಪಿರದಿದ್ದರೆ? ಅದನ್ನು ಯೋಚಿಸುವಾಗ ಇನ್ನೂ ಹೆದರಿಕೆ. ಗಂಡನಿಗೆ ಹೇಳಿದೆ. ಅವರು ನಗಲಿಲ್ಲ. ಅವರು ನಗದಿದ್ದದ್ದೇ ನನ್ನನ್ನು ಮತ್ತೂ ಹೆದರಿಸಿತು.

ಬುಧವಾರ ಮಧ್ಯಾಹ್ನ ಬೆಂಗ್ರೆಯವರು ಬಂದರು.

"ಅಸಲಿಯಾ ಮೇಡಂ?"

"ಕೂತ್ಕೊಳ್ಳಿ. ಇದರ ಒಳಗೆ ಎಂತ ಹಾಕಿದ್ದೀರಿ?"

"ಎಂತ ಇಲ್ಲ. ಕಲಾಯಿ."

"ಯಾರು ಹಾಕಿದ್ದು?"

"ನಾನೇ. ಬೆಳ್ಳಿ ಹೋಗಿ ಹಿತ್ತಾಳೆ ಕಾಣ್ತಿತ್ತು, ಬಾಯೆಲ್ಲ ಕಿಲುಬು ರುಚಿ. ಮನೆಯ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದಿಲ್ವಾ, ಹಾಗೆ. ಕಲಾಯಿಯವ ಈಗ ನಮ್ಮ ಕಡೆ ಬರುವುದೇ ಇಲ್ಲ. ಕಳೆದ ವರ್ಷ ಮಳೆಗಾಲಕ್ಕೆ ಬೋಟು ನಿಂತಾಗ ಬಲೆ ಮುಳುಗಲಿಕ್ಕೆ ಸೀಸ ಕರಗಿಸಿ ಗುಂಡು ಮಾಡ್ತಿದ್ದೆವು. ಮನೆಯಲ್ಲಿ ಹಳೆ ತವರದ ತುಂಡು ಸ್ವಲ್ಪ ಇತ್ತು, ಸಾಕಾಗಲಿಲ್ಲ. ಬಲೆಯ ಸೀಸ ಸೇರಿಸಿದೆ. ಒಳಗೂ ಅಂಚಿಗೂ ಮಾತ್ರ ನವಸಾಗರ ತಿಕ್ಕಿ ಅದ್ದಿದ್ದು, ಅಲ್ಲಿ ಒಳ್ಳೆ ಹಿಡಿಯಿತು." ಹೇಳುವಾಗ ಸಣ್ಣ ಹೆಮ್ಮೆಯೂ ಇತ್ತು.

ತವರ ಮಾತ್ರ ಆಗಿದ್ದರೆ ಬೇರೆ ಮಾತು, ನಮ್ಮ ಅಜ್ಜಿಯಂದಿರು ಅದರಲ್ಲೇ ಅಡುಗೆ ಮಾಡಿದವರು. ನಾನು ಕಾಗದ ತೋರಿಸಿದೆ. ಅವರೆದುರು ಇನ್ನೊಮ್ಮೆ ಎಳೆದೂ ತೋರಿಸಿದೆ. ಸೀಸದ ವಿಷಯ, ಒಸಡಿನ ವಿಷಯ, ಹೊಟ್ಟೆನೋವಿನ ವಿಷಯ ಎಲ್ಲ ಹೇಳಿದೆ. ಹೆದರಿಕೆಯಲ್ಲಿ ನನ್ನ ಮಾತು ಯಾವಾಗಲೂ ಜೋರಾಗುತ್ತದೆ, ಬೈದ ಹಾಗೆ ಕೇಳುತ್ತದೆ. ಅದೇ ಎಡವಟ್ಟಾಯಿತು.

"ಮೇಡಂ, ನಾವು ಸಣ್ಣದಿರುವಾಗಿಂದ ಸೀಸದ ಗುಂಡನ್ನು ಹಲ್ಲಲ್ಲಿ ಕಚ್ಚಿ ಬಲೆಗೆ ಒತ್ತುವವರು. ನನ್ನ ಅಪ್ಪ ಮುದುಕ ಆಗುವವರೆಗೆ ಕಚ್ಚಿದ್ದಾನೆ. ಎಂತ ಆಗಿದೆ?"

"ಅಪ್ಪನಿಗೆ ಆಗಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಯಾರು ನೋಡಿದ್ದಾರೆ? ಮೊದಲು ಮಗಳ ರಕ್ತ ಪರೀಕ್ಷೆ ಮಾಡ್ಸಿ. ಇದನ್ನು ಮಾರುವುದೂ ಬೇಡ, ಊದುವುದೂ ಬೇಡ."

"ಅಂದರೆ ಅಸಲಿ ಅಂತ ಹೇಳುವುದಿಲ್ಲ ನೀವು."

"ಹೇಳುವುದಿಲ್ಲ. ನಾನು ಹೇಳಿದರೆ ನಾಳೆ ಇನ್ನೊಬ್ಬ ಇದನ್ನು ಬಾಯಿಗಿಡ್ತಾನೆ."

ಅವರ ಮುಖ ಕೆಂಪಾಯಿತು. "ಗೊತ್ತಾಯ್ತು ಬಿಡಿ. ವಿಷ ಅಂತ ಹೆದರಿಸಿದರೆ ನಾನು ಇಲ್ಲೇ ಬಿಟ್ಟು ಹೋಗ್ತೇನೆ, ಆಮೇಲೆ ಗೋವಾದವರಿಗೆ ನೀವೇ ಕೊಡಬಹುದು, ಅಲ್ವಾ?" ಪೀಸನ್ನು ಕರವಸ್ತ್ರದಲ್ಲಿ ಸುತ್ತಿ, ಕಿಸೆಗೆ ಹಾಕಿ, ಮೆಟ್ಟಿಲು ಇಳಿದೇ ಹೋದರು.

ಸಿಟ್ಟು ಬಂತು. ಇಂಥವರಿಗೆ ಒಳ್ಳೆಯದು ಹೇಳಬಾರದು, ಸಾಯಲಿ ಎಂದುಕೊಂಡೆ. ಅಂದುಕೊಂಡ ಶಬ್ದ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಅವರು ನೇರ ಮನೆಗೆ ಹೋಗುತ್ತಾರೆ. ಮಗು ಶಾಲೆಯಿಂದ ಬರುತ್ತದೆ. ಎರಡು ದಿನದಿಂದ ಊದಲು ಸಿಗದ ಪೀಸು ಅಪ್ಪನ ಕಿಸೆಯಲ್ಲಿದೆ. ಫೋನ್ ಮಾಡಿದರೆ ಕಟ್ ಮಾಡಿದರು, ಮತ್ತೆ ಮಾಡಿದರೆ ಸ್ವಿಚ್ ಆಫ್.

ಈಗ ನನ್ನ ಇನ್ನೊಂದು ಹೆದರಿಕೆ ಹೇಳಬೇಕು. ನೀರು. ನದಿ ನೋಡಿಕೊಂಡೇ ಬೆಳೆದವಳು ನಾನು, ಒಮ್ಮೆಯೂ ದೋಣಿ ಹತ್ತಿದವಳಲ್ಲ. ಕೂಳೂರು ಸೇತುವೆ ಸುತ್ತಿ ರಸ್ತೆಯಲ್ಲೇ ಬೆಂಗ್ರೆಗೆ ಹೋಗಬಹುದು. ರಿಕ್ಷಾದವನನ್ನು ಕೇಳಿದೆ. "ಹೈವೇ ಪೂರ್ತಿ ಬ್ಲಾಕ್ ಉಂಟು, ಈಗ ಹೊರಟರೆ ಕತ್ತಲೆಗೆ ಮುಟ್ಟಬಹುದು. ಬಂದರಿಗೆ ಬಿಡ್ತೇನೆ, ಫೆರಿಯಲ್ಲಿ ಹೋಗಿ" ಎಂದ. ಬಂದರಿಗೇ ಬಿಡಿ ಎಂದೆ. ಅದನ್ನು ಹೇಳಿದ್ದು ನಾನೇನಾ ಎಂದು ಈಗಲೂ ಸಂಶಯ.

ಫೆರಿಯಲ್ಲಿ ಮೀನಿನ ಬುಟ್ಟಿ, ಸ್ಕೂಲ್ ಬ್ಯಾಗು, ಬೈಕು, ಎಲ್ಲದರ ನಡುವೆ ಕಂಬಿ ಹಿಡಿದು ಕಣ್ಣುಮುಚ್ಚಿ ನಿಂತೆ. ಜಪಮಾಲೆಯ ಪ್ರಾರ್ಥನೆ ಶುರುಮಾಡಿದರೆ ಅರ್ಧಕ್ಕೆ ಮರೆಯಿತು. ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು "ಮೊದಲ ಸಲವಾ ಅಕ್ಕ?" ಎಂದು ನಕ್ಕು ನನ್ನ ಮೊಣಕೈ ಹಿಡಿದುಕೊಂಡಳು. ಇಳಿಯುವಾಗ "ಟ್ರಂಪೆಟ್ ಊದುವವರ ಮನೆ ಎಲ್ಲಿ?" ಎಂದು ಅವಳನ್ನೇ ಕೇಳಿದೆ.

"ನಮ್ಮದೇ ಮನೆ. ಎಂತಕ್ಕೆ?"

ದಾರಿಯಲ್ಲೇ, ಒಣಹಾಕಿದ ಬಲೆಗಳ ನಡುವೆ ನಡೆಯುತ್ತಾ, ಎಲ್ಲ ಹೇಳಿದೆ. ಈ ಸಲ ಮೆಲ್ಲ ಹೇಳಿದೆ. ಅವಳ ನಗು ಹೋಯಿತು. ಆಮೇಲೆ ಹೇಳಿದಳು: "ಅವಳಿಗೂ ಹೊಟ್ಟೆನೋವು ಅಕ್ಕ. ಜಂತುಹುಳ ಅಂತ ಎರಡು ಸಲ ಮದ್ದು ಕೊಡಿಸಿದ್ದೇನೆ. ಟೀಚರ್ ಬೇರೆ ಹೇಳ್ತಾರೆ, ಮೊದಲು ಚುರುಕಿದ್ದಳು, ಈಗ ಹೇಳಿದ್ದು ತಲೆಗೆ ಹೋಗುವುದಿಲ್ಲ ಅಂತ. ನಾನು ಹೊಡೆದಿದ್ದೇನೆ ಅವಳಿಗೆ."

ಆಗ ಟ್ರಂಪೆಟ್ ಕೇಳಿಸಿತು.

ಅವಳು ಬುಟ್ಟಿಯನ್ನು ಅಲ್ಲೇ ಹಾಕಿ ಓಡಿದಳು. ಹೊಯಿಗೆಯಲ್ಲಿ ಕಾಲು ಹೂತು ನಾನು ಹಿಂದೆ ಉಳಿದೆ. ಹೋಗಿ ನೋಡುವಾಗ ಜಗಲಿಯಲ್ಲಿ ಸಣಕಲು ಹುಡುಗಿ ಎರಡೂ ಕೈಯಲ್ಲಿ ಟ್ರಂಪೆಟ್ ಹಿಡಿದು ನಿಂತಿದ್ದಳು. ತಾಯಿ ಅದನ್ನು ಕಿತ್ತುಕೊಂಡು, ಸೆರಗಿನಿಂದ ಮಗುವಿನ ಬಾಯಿಯನ್ನು ಒರೆಸಿ ಒರೆಸಿ ಕೆಂಪು ಮಾಡುತ್ತಿದ್ದಳು. ಅಪ್ಪ ಒಳಗಿನಿಂದ ಬಂದವರು ನನ್ನನ್ನು ಕಂಡು "ಇಲ್ಲಿಗೂ ಬಂದ್ರಾ?" ಎಂದು ಸ್ವರ ಏರಿಸಿದರು.

ನಾನು ಮಗುವಿನ ಎದುರು ಕೂತೆ. "ಊದುವಾಗ ಬಾಯಿಗೆ ಎಂತ ರುಚಿ ಬರ್ತದೆ ಪುಟ್ಟಿ?"

"ಸ್ವಲ್ಪ ಸಿಹಿ" ಎಂದಿತು. "ಅಪ್ಪ ಹುಳಿ ಹಾಕಿ ತೊಳೆದ ದಿನ ಜಾಸ್ತಿ ಸಿಹಿ. ನಾನು ನೆಕ್ಕುತ್ತೇನೆ."

ಹುಳಿ ತಾಗಿದ ಸೀಸಕ್ಕೆ ಸಿಹಿ ರುಚಿ ಬರುತ್ತದೆಂದು ನಾನು ಓದಿದ್ದೆ. ಅದನ್ನು ಯಾರಿಗೂ ಹೇಳುವ ಅಗತ್ಯ ಬರಲಿಲ್ಲ. ಅಪ್ಪನ ಮುಖ ನೋಡಿದೆ. ಕಲಾಯಿಗೆ, ಹಿತ್ತಾಳೆಗೆ, ಬೆಳ್ಳಿಗೆ ಸಿಹಿ ಇಲ್ಲ ಎಂದು ಲೋಹ ಬಾಯಿಗಿಟ್ಟು ಬದುಕಿದ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಸಿಹಿ ಮಗಳ ಹೊಟ್ಟೆಗಿಳಿದ ಸೀಸದ್ದೇ. ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಾಳೆ ಬೆಳಿಗ್ಗೆ ಫಸ್ಟ್ ಫೆರಿ" ಎಂದಳು ಹೆಂಡತಿ. "ಅವಳ ರಕ್ತ, ನಿಮ್ಮ ರಕ್ತ. ಮಾತಾಡಿದರೆ ಜಾಗ್ರತೆ."

ನನಗೆ ಗೊತ್ತಿದ್ದ ಒಬ್ಬ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ರಕ್ತ ಬೇರೆ ಊರಿಗೆ ಹೋಗಿ ವರದಿ ಬರಬೇಕು. ಆ ದಿನಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಫೋನ್ ಹೊಡೆದುಕೊಂಡರೆ ಹೆದರಿಕೆ, ಹೊಡೆದುಕೊಳ್ಳದಿದ್ದರೆ ಇನ್ನೂ ಹೆದರಿಕೆ. ನಾನು ತಪ್ಪಿರಲಿ ದೇವರೇ, ಊರೆಲ್ಲ ನಗಲಿ ಎಂದು ಬೇಡಿಕೊಂಡೆ. ನನ್ನ ಕೆಲಸದಲ್ಲಿ ತಪ್ಪಾಗಲಿ ಎಂದು ಬೇಡಿದ್ದು ಅದೊಂದೇ ಸಲ.

ತಪ್ಪಿರಲಿಲ್ಲ. ಅಪ್ಪನಿಗೆ ಬಹಳ ಏರಿತ್ತು, ಆಸ್ಪತ್ರೆಯಲ್ಲಿಟ್ಟು ಮದ್ದು ಕೊಟ್ಟರು. ಮಗುವಿಗೆ ಅಷ್ಟಿಲ್ಲ, ಆದರೆ ಇರಬಾರದಷ್ಟು ಉಂಟು. "ಇನ್ನು ಒಂದು ಚೂರೂ ಒಳಗೆ ಹೋಗದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಮದ್ದು" ಎಂದರು ಡಾಕ್ಟರು. ಒಳ್ಳೆ ಊಟ, ಪ್ರತಿ ಸಲ ಸೋಪಿನಲ್ಲಿ ಕೈ, ಆಗಾಗ ಪರೀಕ್ಷೆ. ಪೂರ್ತಿ ಸರಿಹೋಗ್ತದಾ ಎಂದು ತಾಯಿ ಕೇಳಿದಾಗ, "ಬೇಗ ಗೊತ್ತಾಯ್ತು, ನೋಡುವ" ಎಂದಷ್ಟೇ ಹೇಳಿದರು. ಸೀಸದ ಗುಂಡು, ಕರಗಿಸುವ ಬಾಣಲೆ ಎಲ್ಲ ಜಗಲಿ ಬಿಟ್ಟು ಹೋಯಿತು. ಅಕ್ಕಪಕ್ಕದ ಮನೆಯವರೂ ಹಲ್ಲಲ್ಲಿ ಕಚ್ಚುವುದು ಬಿಟ್ಟು ಇಕ್ಕುಳ ಹಿಡಿದರಂತೆ. ಎಲ್ಲರೂ ಅಲ್ಲ.

ತಿಂಗಳುಗಳು ಕಳೆದ ಮೇಲೆ ಅವರು ಮಗಳ ಜೊತೆ ಲ್ಯಾಬಿಗೆ ಬಂದರು. ಅದೇ ಕರವಸ್ತ್ರ ಮೇಜಿನ ಮೇಲೆ ಇಟ್ಟರು.

"ಇದನ್ನು ಕೊಯ್ದುಬಿಡಿ ಮೇಡಂ. ಯಾರೂ ಬಾಯಿಗಿಡದ ಹಾಗೆ."

ಕರಗಿಸಿ ಸೀಸ ತೆಗೆಯಬಹುದು ಎಂದು ಬಾಯಿಯ ತುದಿಗೆ ಬಂದಿತ್ತು. ಆದರೆ ಎಷ್ಟು ತೆಗೆದರೂ ಎಲ್ಲೋ ಉಳಿಯುತ್ತದೆ, ಆ ಹೊಗೆಯೂ ಬೇಡ. ಮಗಳನ್ನು ಹೊರಗೆ ಕೂರಿಸಿ, ಮಾಸ್ಕ್ ಹಾಕಿ, ಹಲ್ಲು ಕೊಯ್ಯುವ ವಜ್ರದ ಚಕ್ರಕ್ಕೆ ನೀರು ಬಿಟ್ಟು, ಉದ್ದಕ್ಕೆ ಸೀಳಿದೆ. ಎರಡು ಹೋಳಾಯಿತು. ಕೊಯ್ದ ಮುಖದಲ್ಲಿ ಎಲ್ಲ ಕಂಡಿತು. ಹಳದಿ ಹಿತ್ತಾಳೆ, ಅದರ ಮೇಲೆ ದಪ್ಪ ಬೂದು ಪದರ, ಗಂಟಲಲ್ಲಿ ಇನ್ನೂ ದಪ್ಪ. ಆ ಬೂದು ಪದರದ ಹಿಂದೆ ಬಟ್ಟಲಿನ ಹಳೆಯ ಏರು, ಗಂಟಲಿನ ಹಳೆಯ ಅಗಲ, ನಾನು ಅಳೆದು ಸಿಗದೆ ಕಂಗಾಲಾದದ್ದು, ಒಂದು ಕೂದಲೆಳೆಯೂ ಆಚೀಚೆ ಇಲ್ಲ.

"ಅಸಲಿಯಾ?" ಎಂದು ಕೇಳಿದರು.

"ಅಸಲಿ" ಎಂದೆ.

"ಆಯ್ತು" ಎಂದು ನಲ್ಲಿಯ ಹತ್ತಿರ ಹೋಗಿ ಸೋಪಿನಲ್ಲಿ ಕೈ ತೊಳೆದುಕೊಂಡರು. ಉಗುರಿನ ಸಂದುಗಳನ್ನೂ ಬಿಡಲಿಲ್ಲ.

ಮಗಳನ್ನು ಒಳಗೆ ಕರೆದೆ. ಈಗಿನ ವರದಿಯಲ್ಲಿ ಸ್ವಲ್ಪ ಇಳಿದಿದೆಯಂತೆ, ಇನ್ನೂ ಇಳಿಯಬೇಕು. ನನ್ನ ಡ್ರಾಯರಿನಲ್ಲಿ ಹೆಸರಿಲ್ಲದ, ಬೆಳ್ಳಿ ಹೋಗದ ಒಂದು ಸಾಧಾರಣ ಪೀಸು ಇತ್ತು. ಯಾರೂ ಕಣ್ಣೆತ್ತಿ ನೋಡುವಂಥದ್ದಲ್ಲ. ಹತ್ತು ಸಲ ನೋಡಿ, ತೊಳೆದು ಇಟ್ಟಿದ್ದೆ. "ಇದು ನಿನಗೆ. ಊದಿ ನೋಡು" ಎಂದೆ.

ಹುಡುಗಿ ತೆಗೆದುಕೊಂಡಳು. ಬಾಯಿಗಿಡಲಿಲ್ಲ. ಬಟ್ಟಲೊಳಗೆ ನೋಡಿದಳು, ನನ್ನನ್ನು ನೋಡಿದಳು. "ಆಂಟಿ, ಒಂದು ಬಿಳಿ ಕಾಗದ ಉಂಟಾ?"

ಕೊಟ್ಟೆ. ಅವಳು ಅಂಚನ್ನು ಕಾಗದಕ್ಕೆ ಒತ್ತಿ ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಾವು ಮೂವರೂ ಬಗ್ಗಿ ನೋಡಿದೆವು. ಏನೂ ಬಿದ್ದಿರಲಿಲ್ಲ.

ಆಮೇಲೆ ಊದಿದಳು.